ಬೋರ್ಡಿನ ಮೂಲೆಯ ನಾಳೆ

ಅವರ ಬಲಗೈಯ ಗೆರೆಗಳು ಬೆಳ್ಳಗಿದ್ದವು. ಡಸ್ಟರ್ ಬಡಿದರೆ ಏಳುವ ಪುಡಿಗೆ ಕೆಮ್ಮು ಬರುತ್ತದೆಂದು ಬೋರ್ಡನ್ನು ಅಂಗೈಯಲ್ಲೇ ಒರೆಸುತ್ತಿದ್ದರು. ಎಷ್ಟು ತೊಳೆದರೂ ಸೀಮೆಸುಣ್ಣ ಗೆರೆಗಳೊಳಗೆ ಉಳಿದುಬಿಡುತ್ತಿತ್ತು. ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ನಿದ್ದೆ ಹೋದರೆ ಕಂಬಿಯ ಮೇಲೆ ನಾಲ್ಕು ಬೆರಳಿನ ಗುರುತು ಮೂಡುತ್ತಿತ್ತಂತೆ. ಕಂಡಕ್ಟರ್ ಅದನ್ನು ತೋರಿಸಿ, "ಮೇಡಂ, ನಿಮ್ಮ ಸೀಟು ರಿಸರ್ವ್ ಆಗಿದೆ" ಎನ್ನುತ್ತಿದ್ದನಂತೆ. ಇದನ್ನು ನಾನೇ ಕಂಡೆನೋ, ಯಾರೋ ಹೇಳಿದ್ದೋ, ಈಗ ಬಿಡಿಸಲಾರೆ. ಅಂಗೈಯನ್ನಂತೂ ಕಂಡಿದ್ದೇನೆ.

ತೊಂಬತ್ತರ ದಶಕದ ನಡುವೆ, ಗೋಣಿಬೀಡಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಮೇಡಂ. ಮನೆ ಚಿಕ್ಕಮಗಳೂರಿನಲ್ಲಿ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು, ನಡುವೆ ಮೂಡಿಗೆರೆಯಲ್ಲಿ ಕಾಯುವುದು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಹಗಲು ನೋಡಿಕೊಳ್ಳಲು ಮೇಡಂ ತಂಗಿ ಬರುತ್ತಿದ್ದರು. ಪ್ರತಿವರ್ಷವೂ ಮೇಡಂ ವರ್ಗಾವಣೆಗೆ ಅರ್ಜಿ ಹಾಕುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಅವರು ಕ್ಲಾಸಿಗೆ ಬಂದ ಕೂಡಲೆ ಮಾಡುತ್ತಿದ್ದ ಮೊದಲ ಕೆಲಸ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಹತ್ತು ಎಣಿಸುವುದು. ನಾವೂ ಮನಸ್ಸಿನಲ್ಲೇ ಎಣಿಸುತ್ತಿದ್ದೆವು. ಕೆಲವು ದಿನ ಇಪ್ಪತ್ತಾಗುತ್ತಿತ್ತು.

ನಾನು ಹತ್ತನೇ ತರಗತಿ. ಹಿಂದಿನ ವರ್ಷ ನನ್ನ ಅಕ್ಕ ಇಂಗ್ಲಿಷಿನಲ್ಲಿ ಬಿದ್ದು ಮನೆಯಲ್ಲಿ ಉಳಿದಿದ್ದಳು. "ನೀನೂ ಬಿದ್ರೆ ಓದು ಅಲ್ಲಿಗೆ ಮುಗೀತು" ಎಂದು ಅಪ್ಪ ಸಿಟ್ಟಿಲ್ಲದೆ ಹೇಳಿದ್ದರು. ಸಿಟ್ಟು ಇರಲಿಲ್ಲವಾದ್ದರಿಂದಲೇ ಹೆದರಿಕೆ.

ಆ ವರ್ಷ ನಮ್ಮನ್ನು ಹಣ್ಣು ಮಾಡಿದ್ದು ಭವಿಷ್ಯತ್ ಕಾಲ. ನಾವು 'ಬರ್ತೀನಿ' ಎಂಬ ಒಂದೇ ಮಾತಿನಲ್ಲಿ ಇವತ್ತನ್ನೂ ನಾಳೆಯನ್ನೂ ಮುಗಿಸುವ ಜನ. ಇಂಗ್ಲಿಷಿನವರಿಗೆ ಒಂದು ನಾಳೆಗೆ ಐದಾರು ದಾರಿ ಯಾಕೆ ಬೇಕೆಂದು ಕೇಳಿದಾಗ ಮೇಡಂ ಕಿಟಕಿಯ ಕಡೆ ಕೈ ತೋರಿಸಿದರು.

"ಮೋಡ ಕಾಣ್ತಾ ಇದ್ಯಾ? ಇಟ್ ಈಸ್ ಗೋಯಿಂಗ್ ಟು ರೇನ್. ಗುರುತು ಕಣ್ಣ ಮುಂದೆ ಇದೆ. ಶನಿವಾರ ಕಾಫಿ ಕುಯ್ಲು ಅಂತ ಆಳಿಗೆಲ್ಲ ಹೇಳಿ ಆಗಿದ್ಯಾ? ವಿ ಆರ್ ಪಿಕಿಂಗ್ ಆನ್ ಸ್ಯಾಟರ್ಡೇ. ಪಕ್ಕದವಳ ಚೀಲ ಭಾರ ಇದೆ, ಈಗ ನಿನ್ನ ಮನಸ್ಸಿಗೆ ಬಂತು, ಐ ವಿಲ್ ಹೆಲ್ಪ್ ಯೂ."

"ಬಸ್ಸಿಗೆ ಮೇಡಂ?" ಎಂದ ಒಬ್ಬ ಹುಡುಗ.

"ದ ಬಸ್ ಲೀವ್ಸ್ ಅಟ್ ಫೈವ್. ಅದು ಬೋರ್ಡಲ್ಲಿ ಬರ್ದಿರೋದು. ಬರೋದು ಐದೂ ಮುಕ್ಕಾಲಿಗೆ, ಅದಕ್ಕೆ ಗ್ರಾಮರ್ ಇಲ್ಲ ಮಾರಾಯ."

ಇಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತೇನೋ. ಅವರು ಬೋರ್ಡಿನ ಬಲ ಮೂಲೆಯಲ್ಲಿ ಒಂದು ಚೌಕ ಎಳೆದರು. ದಿನಕ್ಕೊಬ್ಬರಂತೆ ಅದರೊಳಗೆ ನಾಳೆಯ ಬಗ್ಗೆ ಒಂದು ಇಂಗ್ಲಿಷ್ ವಾಕ್ಯ ಬರೆಯಬೇಕು. ತಪ್ಪಿದ್ದರೆ ಆಗಲೇ ತಿದ್ದುತ್ತಿದ್ದರು. ಮರುದಿನ ಕಣ್ಣು ತೆರೆದ ಮೇಲೆ ಮೊದಲ ಪ್ರಶ್ನೆ: "ಆಯ್ತಾ?" ಆಗಿದ್ದರೆ ಸರಿ ಗುರುತು, ಆಗದಿದ್ದರೆ ಅಡ್ಡ ಗೀಟು. ಆಮೇಲೆ ಅಂಗೈಯಲ್ಲಿ ಒರೆಸಿ ಮುಂದಿನವರಿಗೆ ಜಾಗ.

ಹಿಂದಿನ ಬೆಂಚಿನ ಒಬ್ಬ, ರಜೆಯ ಆಸೆಗೆ, 'ಮೈ ಗ್ರ್ಯಾಂಡ್‌ಮದರ್ ಈಸ್ ಗೋಯಿಂಗ್ ಟು ಡೈ ಟುಮಾರೋ' ಎಂದು ಬರೆದ. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಮರುದಿನ ಕೋಲೂರಿಕೊಂಡು ಅಜ್ಜಿಯೇ ಬಂದರು.

"ನಾನು ಇವತ್ತು ಸಾಯ್ತೀನಿ ಅಂತ ಇಲ್ಲಿ ಬರ್ದು ಹಾಕಿದಾರಂತಲ್ಲ ಮೇಡಮ್ಮೋರೇ. ಎಲ್ಲಿ, ತೋರ್ಸಿ."

ಮೇಡಂ ಎದ್ದು ತಮ್ಮ ಕುರ್ಚಿ ಕೊಟ್ಟರು. ಚೌಕದ ಮೇಲೆ ಅಡ್ಡ ಗೀಟು ಹಾಕಿದರು. "ನೋಡಿ ಅಜ್ಜಿ, ತಪ್ಪು ಅಂತ ಹಾಕಿದೀನಿ."

"ದೊಡ್ಡದಾಗಿ ಹಾಕಿ. ನಂಗೆ ಕಣ್ಣು ಕಾಣಲ್ಲ."

ಮೇಡಂ ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಗೀಟು ಎಳೆದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಜನವರಿ. ಕುಯ್ಲಿನ ಕಾಲ, ಅರ್ಧ ಕ್ಲಾಸು ಖಾಲಿ. ಒಂದು ಶುಕ್ರವಾರ ಮೇಡಂ ಯಾರನ್ನೂ ಕರೆಯದೆ ತಾವೇ ಚೌಕದಲ್ಲಿ ಬರೆದರು: 'ಐ ಆಮ್ ಲೀವಿಂಗ್ ಆನ್ ಮಂಡೇ.' ಇದು ಮೋಡ ನೋಡಿ ಹೇಳಿದ್ದಲ್ಲ, ದಿನ ಗೊತ್ತಾಗಿರುವುದು ಎಂದು ತಿಳಿಯುವಷ್ಟು ಅವರೇ ನಮಗೆ ಕಲಿಸಿದ್ದರು. ವಸ್ತಾರೆ ಕಡೆಯ ಶಾಲೆಗೆ ವರ್ಗವಾಗಿತ್ತು. ಒಂದೇ ಬಸ್ಸು, ಸಂಜೆ ಬೆಳಕಿರುವಾಗಲೇ ಅಮ್ಮನ ಹತ್ತಿರ. ಸೋಮವಾರ ಅಲ್ಲಿ ಹಾಜರಾಗದಿದ್ದರೆ ಅದು ಬೇರೆಯವರಿಗೆ. ನಮ್ಮ ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಅವರ ಜಾಗಕ್ಕೆ ಯಾರೂ ಬರುವವರಿರಲಿಲ್ಲ. ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಕಣದಲ್ಲಿ ಹಲಗೆಯಿಂದ ಕಾಫಿ ಹರವುತ್ತಿದ್ದಳು. "ಹಂಗಾದ್ರೆ ಸೋಮವಾರದಿಂದ ನೀನೂ ಒಂದು ಹಲಗೆ ತಗೋ" ಎಂದಳು.

ಶನಿವಾರ ಎಲ್ಲರೂ ಸೇರಿ ಒಂದು ಪೊಟ್ಟಣ ಕಾಫಿ ಪುಡಿ ಕೊಟ್ಟು ಕಳಿಸಿಕೊಟ್ಟೆವು.

ಸೋಮವಾರ ಮೇಡಂ ಬಂದರು. ಅದೇ ಚೀಲ, ಅದೇ ಕೊಡೆ. ಕೂತು ಕಣ್ಣು ಮುಚ್ಚಿದರು. ಎದ್ದು ತಮ್ಮ ವಾಕ್ಯದ ಮೇಲೆ ತಾವೇ ಅಡ್ಡ ಗೀಟು ಹಾಕಿ ಒರೆಸಿದರು. "ಪ್ಯಾಸಿವ್ ವಾಯ್ಸ್ ತೆಗೀರಿ."

ಅಜ್ಜಿಯ ಮೊಮ್ಮಗನೇ ಕೇಳಿದ, "ಮೇಡಂ, ಕಾಫಿ ಪುಡಿ ವಾಪಸ್ ಕೊಡ್ತೀರಾ?"

"ಕುಡ್ದಾಯ್ತು ಮಾರಾಯ."

ಹೀಗೆ ನಡೆಯಿತು ಎಂದು ಬರೆದೆ. ಆದರೆ ನನ್ನ ಗೆಳತಿಯೊಬ್ಬಳು, ಮೇಡಂ ಬಂದದ್ದು ಮಂಗಳವಾರ, ಗೀಟು ಹಾಕಿದ್ದು ಹುಡುಗರು ಎನ್ನುತ್ತಾಳೆ. ಅವಳದೇ ಸರಿ ಇರಬಹುದು. ನೆನಪಿಗೆ ಸೋಮವಾರವೇ ಬೇಕು, ಅವರ ಕೈಯಲ್ಲೇ ಸೀಮೆಸುಣ್ಣ ಬೇಕು. ನಾನು ಪಾಸಾದೆ, ಮುಂದೆ ಓದಿದೆ, ಚಿಕ್ಕಮಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾದೆ. ನಮಗೋಸ್ಕರ ಮೇಡಂ ವರ್ಗಾವಣೆ ಬಿಟ್ಟರು ಎಂದು ಸಿಕ್ಕವರಿಗೆಲ್ಲ ಹೇಳುತ್ತ ಬಂದೆ. ಹೇಳಿದಷ್ಟೂ ಅವರು ಎತ್ತರವಾದರು, ಮುಖ ಮಸುಕಾಯಿತು.

ಎಂಟು ವರ್ಷದ ಮೇಲೆ ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಇನ್ನೂ ಅದೇ ಎರಡು ಬಸ್ಸು. ನಾನು ಕೈ ಮುಗಿದು ಆ ಸೋಮವಾರದ ಮಾತು ತೆಗೆದೆ.

"ನಿಮಗೋಸ್ಕರ ಅಂತ ಯಾರು ಹೇಳಿದ್ದು ಮಾರಾಯ್ತಿ?" ಎಂದರು. "ಭಾನುವಾರ ಕೂತು ಯೋಚನೆ ಮಾಡಿದೆ. ಅಲ್ಲಿ ಮತ್ತೆ ಹೊಸ ಮಕ್ಕಳು, ಹೊಸ ಹೆಡ್‌ಮಾಸ್ಟ್ರು, ಮತ್ತೆ ಮೊದ್ಲಿಂದ. ಆಗಲ್ಲ ಅನ್ನಿಸ್ತು. ಹಳೇ ಸುಸ್ತಾದ್ರೆ ಅಭ್ಯಾಸ ಆಗಿರತ್ತೆ."

"ಅಮ್ಮ ಏನಂದ್ರು?"

"ಅಮ್ಮ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಆಮೇಲೆ ಎರಡು ವರ್ಷ ಇದ್ಲು."

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ನಿಂಗೆ ಇಂಗ್ಲಿಷಲ್ಲಿ ನಲವತ್ತೊಂದು ಬಂದಿತ್ತಲ್ಲ?"

ನಲವತ್ತೊಂದೇ. ಬರೀ ಸುಸ್ತಾದವರು ಅದನ್ನು ಎಂಟು ವರ್ಷ ನೆನಪಿಡುತ್ತಾರೆಯೇ? ಈ ಪ್ರಶ್ನೆಯನ್ನೂ ನಂಬಲಾರೆ. ಅವರನ್ನು ಮತ್ತೆ ಎತ್ತರಕ್ಕೇರಿಸುವ ಉಪಾಯ ಇದು. ಎರಡೂ ನಿಜ ಇರಬಹುದು.

ಅವರನ್ನು ಕೊನೆಗೆ ಕಂಡದ್ದು ಆಸ್ಪತ್ರೆಯಲ್ಲಿ, ನಿವೃತ್ತಿಗೆ ಮೂರು ವರ್ಷ ಇರುವಾಗ. ಏನು ಕಾಯಿಲೆ ಎಂದರೆ, "ಇಂಗ್ಲಿಷ್ ಹೆಸರು. ಉದ್ದ ಇದೆ" ಎಂದರು. ಹೊದಿಕೆಯ ಮೇಲೆ ಬಲಗೈ ಅಂಗಾತ ಬಿದ್ದಿತ್ತು. ಗೆರೆಗಳಲ್ಲಿ ಬಿಳಿ ಇರಲಿಲ್ಲ. ಬೇರೆ ಯಾರದೋ ಕೈಯಂತಿತ್ತು.

"ನಾಳೆ ಬರ್ತೀನಿ ಮೇಡಂ" ಎಂದು ಎದ್ದೆ.

ಮರುದಿನ ಹೋಗಲಿಲ್ಲ. ದೊಡ್ಡ ಕಾರಣವೇನಿಲ್ಲ. ಕಚೇರಿಯಲ್ಲಿ ಹೊತ್ತಾಯಿತು, ಕಾಲು ಸೋತಿತ್ತು, ಮನೆ ಕಡೆಯ ಬಸ್ಸು ಎದುರಿಗೇ ನಿಂತಿತ್ತು. ಅದರ ಮರುದಿನ ಹೋದಾಗ ಮೇಡಂ ತೋರುಬೆರಳು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಅಡ್ಡ ಗೀಟು ಎಳೆದರು. ಇಬ್ಬರೂ ನಕ್ಕೆವು. ಅವರಿಗೆ ಕೆಮ್ಮು ಬಂತು.

"ನಾಳೆ ಖಂಡಿತ ಬರ್ತೀನಿ."

"ಖಂಡಿತ ಅಂತ ಸೇರಿಸಿದ್ರೆ ಜಾಸ್ತಿ ಮಾರ್ಕ್ಸ್ ಇಲ್ಲ."

ಮರುದಿನ ಅರ್ಧ ದಿನ ರಜೆ ಹಾಕಿ ಹೋದೆ. ಅವರು ನಿದ್ದೆಯಲ್ಲಿದ್ದರು. ಹಾಸಿಗೆಯ ಪಕ್ಕದಲ್ಲಿದ್ದ ಅವರ ತಂಗಿ, "ಈಗಷ್ಟೇ ಮಲಗಿದ್ದು, ಎಬ್ಬಿಸ್ಬೇಡಿ" ಎಂದರು. ನೋಡುವ ಹೊತ್ತು ಮುಗಿಯುವವರೆಗೂ ಸ್ಟೂಲಿನ ಮೇಲೆ ಕೂತೆ. ಒಂದೆರಡು ಸಲ ಬೆರಳು ಅಲುಗಿದಂತಾಯಿತು. ಅಲುಗಲಿಲ್ಲವೇನೋ.

"ಎದ್ರೆ ನಾನು ಬಂದಿದ್ದೆ ಅಂತ ಹೇಳ್ತೀರಾ?"

"ಹೇಳ್ತೀನಿ" ಎಂದರು ತಂಗಿ.

ಎರಡು ದಿನದ ಮೇಲೆ ಮೇಡಂ ಹೋದರು. ನಡುವೆ ಒಮ್ಮೆಯಾದರೂ ಎಚ್ಚರಾಗಿದ್ದರೇ, ತಂಗಿ ಹೇಳಿದರೇ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.