ಪುಟ್ಟಲಿಂಗಮ್ಮ ಲೇತ್ ನಿಲ್ಲಿಸಿದರೆ

ನೀಲಗಿರಿ ಬೆಟ್ಟದ ಕೂನೂರಿನ ಕೆಳಪೇಟೆಯ ಆ ತಗಡಿನ ಶೆಡ್ಡಿನಲ್ಲಿ ಲೇತಿನ ಸದ್ದು ಇದ್ದಕ್ಕಿದ್ದಂತೆ ನಿಂತಿತೆಂದರೆ ಪಕ್ಕದ ಟೀ ಅಂಗಡಿಯವರು ಗ್ಲಾಸು ತೊಳೆಯುವುದನ್ನು ಬಿಟ್ಟು ಕಿವಿ ನಿಮಿರಿಸುತ್ತಾರೆ. ಪುಟ್ಟಲಿಂಗಮ್ಮ ಯಾರಿಗೋ ಬೈಯಲು ಹೊರಟಿದ್ದಾಳೆ ಎಂದೇ ಅದರ ಅರ್ಥ. ತಿರುಗುವ ಯಂತ್ರದ ಮುಂದೆ ಜಗಳ ಆಡಬೇಡ, ಸೆರಗು ಸಿಕ್ಕೀತು, ಮೊದಲು ಸ್ವಿಚ್ ಆರಿಸು, ಆಮೇಲೆ ಬಾಯಿ ತೆರೆ ಎಂದು ಗಂಡ ಶಿವಲಿಂಗಯ್ಯ ಕಲಿಸಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಲೇತೂ ಅವನದು, ಸೀರೆಯ ಮೇಲೆ ಅವಳು ತೊಡುವ ಖಾಕಿ ಅಂಗಿಯೂ ಅವನದು. ಮೂಗಿನ ತುದಿಯ ಸಿಟ್ಟು ಮಾತ್ರ ಅವಳ ಸ್ವಂತದ್ದು.

ಟೀ ಫ್ಯಾಕ್ಟರಿಗಳಲ್ಲಿ ಎಲೆಯನ್ನು ಹರಿದು ಅರೆಯುವ ಉಕ್ಕಿನ ರೋಲರುಗಳಿಗೆ ಹಲ್ಲು ಕೊರೆಯುವುದು ಆ ಶೆಡ್ಡಿನ ಕೆಲಸ. ಜೋಡಿ ರೋಲರುಗಳು ಎದುರುಬದುರಾಗಿ ತಿರುಗಬೇಕು, ನಡುವೆ ಕಾಗದದಷ್ಟೇ ಸಂದು ಇರಬೇಕು, ಆದರೆ ಉಕ್ಕಿಗೆ ಉಕ್ಕು ತಾಗಕೂಡದು. ತಾಗಿದರೆ ಹಲ್ಲೂ ಹೋಯಿತು, ಎಲೆಯೂ ಹೋಯಿತು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬೆಟ್ಟ ಹತ್ತಿದ ಹೆಣ್ಣು ಇಪ್ಪತ್ತು ವರ್ಷ ಗಂಡನ ಪಕ್ಕದಲ್ಲಿ ನಿಂತು ಇದನ್ನು ಕಲಿತಿದ್ದಳು. ಆದರೂ ಅವನು ಸತ್ತ ತಿಂಗಳಲ್ಲೇ ಫ್ಯಾಕ್ಟರಿಯವರೆಲ್ಲ ಬಂದು ರೋಲರುಗಳನ್ನು ಹೊತ್ತುಕೊಂಡು ಹೋದರು. ಇನ್ನು ಕೊರೆಯುವವರು ಯಾರು ಎಂದರಂತೆ, ಎದುರಿಗೇ ಅವಳು ನಿಂತಿದ್ದಾಗ.

ಅವಳು ಅಳಲಿಲ್ಲ. ಉಳಿದಿದ್ದ ಒಂದು ಹಳೆಯ ಜೋಡಿಗೆ ಹಲ್ಲು ಕೊರೆದು, ಜೀಪಿಗೆ ಹಾಕಿಸಿಕೊಂಡು ಹುಬ್ಬತಲೈಗೆ ಹೋದಳು. ಅಲ್ಲಿನ ಸಣ್ಣ ಫ್ಯಾಕ್ಟರಿಯ ಮ್ಯಾನೇಜರ್ ಸೆಲ್ವಕುಮಾರ್ ಬೆಟ್ಟದ ಬಡಗರ ಮನುಷ್ಯ, ಮಾತು ಕಡಿಮೆ. ಒಂದು ವಾರ ಓಡಿಸಿ ನೋಡು, ಆಮೇಲೆ ಮಾತಾಡು ಎಂದಳು. ಅವನು ಓಡಿಸಿ ನೋಡಿದ. ಅಂದಿನಿಂದ ಅವನ ರೋಲರುಗಳು ಬೇರೆಲ್ಲೂ ಹೋಗಲಿಲ್ಲ, ಅವನನ್ನು ಕಂಡು ಉಳಿದವರೂ ಬಂದರು. ಅವಳು ಕೊರೆದ ಪ್ರತಿ ರೋಲರಿನ ತುದಿಯಲ್ಲೂ ‘ಪು’ ಎಂಬ ಮುದ್ರೆ ಇರುತ್ತದೆ.

ಹೀಗಿರುವಾಗ ಹೋದ ವರ್ಷ ಗಿರಿಧರನ್ ಬಂದ. ಊಟಿಯಲ್ಲಿ ಬಂಗಲೆ, ಬಂಗಲೆಯಲ್ಲಿ ತಾತನ ಕಾಲದ ವಿದೇಶಿ ಕಾರು. ಆ ಕಾರಿನ ಸೂಪರ್‌ಚಾರ್ಜರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು, ಗೂಡಿನೊಳಗೆ ಎರಡು ರೋಟರುಗಳು ಒಂದನ್ನೊಂದು ತಾಗದೆ ತಿರುಗುತ್ತವೆ. ಇವು ಸವೆದಿವೆ, ಜಗತ್ತಿನಲ್ಲಿ ಎಲ್ಲೂ ಸಿಗುವುದಿಲ್ಲ, ಹೊಸ ಮಾದರಿಯ ತಿರುಚಿದ ರೋಟರು ಮಾಡಿ ಕೂರಿಸಲು ಸಾಧ್ಯವೇ ಎಂದು ತಮಿಳಿನಲ್ಲಿ ಕೇಳಿದ. ಒಂದೇ ಜೋಡಿಗಾಗಿ ಕೊಯಮತ್ತೂರಿನಲ್ಲಿ ಯಾರೂ ಕೈ ಹಾಕಿರಲಿಲ್ಲ. ಹಲ್ಲುಗಳನ್ನು ಓರೆಯಾಗಿ ಕೊರೆಯುವುದೇ ಅವಳ ಕಸುಬು, ತಿರುಚಿದ ರೋಟರು ಅವಳಿಗೇನು ಹೊಸದು? ಆದರೂ ಹೂಂ ಅನ್ನಲು ಒಂದು ತಿಂಗಳು ತೆಗೆದುಕೊಂಡಳು.

ಮೊದಲು ಸಿಲ್ವರ್ ಓಕ್ ಮರದಲ್ಲಿ ಒಂದು ಜೋಡಿ ಕಡೆದಳು. ಅದಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ, ಗೂಡಿನಲ್ಲಿಟ್ಟು ಕೈಯಲ್ಲಿ ತಿರುಗಿಸಿದಳು. ಎಲ್ಲಿ ತಾಗುತ್ತದೋ ಅಲ್ಲಿ ಕೆಂಪು ಅಂಟುತ್ತದೆ, ಅಲ್ಲಿ ಉಜ್ಜಬೇಕು. ವಿಧವೆಯ ಶೆಡ್ಡಿನಲ್ಲಿ ಕುಂಕುಮದ ಭರಣಿ ಯಾಕೆ ಎಂದು ಒಮ್ಮೆ ಯಾರೋ ಕೇಳಿದ್ದಕ್ಕೆ ಲೇತ್ ಒಂದು ಗಂಟೆ ನಿಂತಿತ್ತು. ಮರದ ಜೋಡಿ ಸರಿಹೋದ ಮೇಲೆ ಅದರ ಅಂಚಿಗೆ ಸರಿಯಾಗಿ ತಗಡಿನಲ್ಲೊಂದು ಅಳತೆಯ ಅಚ್ಚು ಕತ್ತರಿಸಿಟ್ಟುಕೊಂಡಳು. ಕೊನೆಗೆ ಗಿರಿಧರನ್‌ನನ್ನು ಕರೆಸಿ ಹೇಳಿದಳು.

“ಆಯ್ತದೆ ಸಾರ್. ಆದ್ರೆ ನೀವ್ ಅಂದ್ಕಂಡಂಗಲ್ಲ. ಗೂಡು ಹಳೇದು, ಸವ್ದದೆ. ಸಂದು ನಾನ್ ಏಳ್ದಷ್ಟೇ ಇರ್ಬೇಕು, ಒಂದ್ ಕೂದ್ಲು ಕಮ್ಮಿ ಆಗ್ಕೂಡ್ದು. ಇಲ್ಲಿ ತಣ್ಗದೆ. ಕೆಳಗ್ ಇಳುದ್ರೆ ಕಾದು ಉಬ್ತದೆ.”

ಅವನು ತಲೆಯಾಡಿಸಿದ. ಅವಳು ಅಲ್ಯೂಮಿನಿಯಂನಲ್ಲಿ ಜೋಡಿಯನ್ನು ಕಡೆದು, ತುದಿಗೆ ತನ್ನ ಮುದ್ರೆ ಒತ್ತಿ ಕೊಟ್ಟಳು.

ಕಾರು ಊಟಿಯಲ್ಲಿ ಚೆನ್ನಾಗಿಯೇ ಓಡಿತು. ಆದರೆ ಗಾಳಿಯ ಒತ್ತಡ ತೋರಿಸುವ ಮುಳ್ಳು ಅವನು ಪುಸ್ತಕದಲ್ಲಿ ಓದಿದ್ದಷ್ಟು ಏರಲಿಲ್ಲ. ಬೆಟ್ಟದ ಮೇಲಿನ ಗಾಳಿಯೇ ತೆಳು ಸ್ವಾಮಿ, ಇಲ್ಲಿ ಮುಳ್ಳು ಏರುವುದೇ ಇಷ್ಟು, ಮೆಟ್ಟುಪಾಳಯಂಗೆ ಇಳಿದು ನೋಡಿ ಎಂದು ಅವಳು ಹೇಳಿದಳು. ಕೇಳುವ ಕಿವಿ ಬೇಕಲ್ಲ! ಮೇ ತಿಂಗಳಲ್ಲಿ ಹಳೆ ಕಾರುಗಳ ಪ್ರದರ್ಶನ, ಅಲ್ಲಿ ನಾಲ್ಕು ಜನರ ಮುಂದೆ ಮುಳ್ಳು ಏರಬೇಕು, ಅದೊಂದೇ ಅವನ ಚಿಂತೆ. ಸಂದು ಜಾಸ್ತಿಯಾಗಿದೆ, ಗಾಳಿ ಸೋರುತ್ತಿದೆ, ಕಮ್ಮಿ ಮಾಡಿಕೊಡು ಎಂದ. ಅವಳು ಒಲ್ಲೆನೆಂದಳು. ಅವನು ಅವಳಿಗೆ ಹೇಳದೆ ಬೇರೆಲ್ಲೋ ಕೊಟ್ಟು ರೋಟರುಗಳಿಗೆ ದಪ್ಪನೆಯ ಲೇಪ ಹೊಡೆಸಿದ. ಮುಳ್ಳು ಏರಿತು. ಪ್ರದರ್ಶನವೂ ಆಯಿತು.

ಮರುವಾರ ಕಾರು ಘಾಟಿ ಇಳಿಯಿತು. ಮೇ ತಿಂಗಳ ಮಧ್ಯಾಹ್ನ, ಬರ್ಲಿಯಾರ್ ದಾಟುವಷ್ಟರಲ್ಲಿ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಕಾದ ರೋಟರುಗಳು ಉಬ್ಬಿ ಒಂದನ್ನೊಂದು ಕಚ್ಚಿಕೊಂಡವು, ಗೂಡು ಸೀಳಿತು. ಡ್ರೈವರ್ ಮುರುಗನ್ ಹೇಗೋ ಬದಿಗೆ ನಿಲ್ಲಿಸಿದ, ಯಾರಿಗೂ ಪೆಟ್ಟಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿರಿಧರನ್ ತಾನು ಹೊಡೆಸಿದ ಲೇಪದ ಸುದ್ದಿ ನುಂಗಿಕೊಂಡು, ಹೆಂಗಸಿನ ಕೈಗೆ ಕೊಟ್ಟದ್ದೇ ತಪ್ಪು, ನೋಡಿ ಅವಳ ಮುದ್ರೆ ಎಂದು ಫ್ಯಾಕ್ಟರಿಯವರೆಲ್ಲ ಸೇರುವ ಕೂನೂರಿನ ಟೀ ಹರಾಜಿನವರೆಗೆ ಟಾಂಟಾಂ ಹೊಡೆದ.

ಸೋಮವಾರ ಬೆಳಿಗ್ಗೆ ಹುಬ್ಬತಲೈಯ ಲಾರಿ ಬಂತು. ಹಲ್ಲು ಕೊರೆಯದಿದ್ದರೂ ಸರಿ, ರೋಲರುಗಳನ್ನು ಹಾಗೆಯೇ ವಾಪಸು ತರಲು ಮ್ಯಾನೇಜರ್ ಹೇಳಿದ್ದಾರೆ ಎಂದ ಲಾರಿಯವನು. ಪುಟ್ಟಲಿಂಗಮ್ಮನಿಗೆ ಗಿರಿಧರನ್‌ನ ಮಾತಿಗಿಂತ ಇದು ಎದೆಗೆ ನಾಟಿತು. ಗಂಡ ಸತ್ತ ತಿಂಗಳು ಮತ್ತೆ ಬಂದು ಬಾಗಿಲಲ್ಲಿ ನಿಂತಂತಾಯಿತು. ಸೆಲ್ವಕುಮಾರ್ ಹೋದರೆ ಉಳಿದವರೂ ಹೋಗುತ್ತಾರೆ, ಶೆಡ್ಡು ಮುಚ್ಚುವುದೊಂದೇ ಬಾಕಿ. ಅವಳು ತಗಡಿನ ಅಚ್ಚು, ಕುಂಕುಮದ ಭರಣಿ, ಚಾಕು, ಅರ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಊಟಿ ಬಸ್ಸು ಹತ್ತಿದಳು.

ಒಡೆದ ರೋಟರುಗಳು ಬಂಗಲೆಯ ವರಾಂಡದಲ್ಲಿ ಮೇಜಿನ ಮೇಲಿದ್ದವು. ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಚ್ಚದೆ ಉಳಿದಿದ್ದ ಭಾಗಕ್ಕೆ ಕುಂಕುಮ ಸವರಿ ಅಚ್ಚನ್ನು ಒತ್ತಿದಳು. ಬೆಣ್ಣೆಯ ಹಾಗೆ ಕೂರಬೇಕಾದ ಅಚ್ಚು ಮೇಲೆಯೇ ನಿಂತಿತು, ಅದರ ಅಂಚಿಗೆಲ್ಲ ಕೆಂಪು ಅಂಟಿತು. ಆಮೇಲೆ ಚಾಕುವಿನಿಂದ ಕೆರೆದಳು. ಬೂದುಬಣ್ಣದ ಲೇಪ ಸುಲಿದು ಬಂತು, ಅಡಿಯಲ್ಲಿ ಅವಳು ಕಡೆದ ಬಿಳಿ ಲೋಹ ಕಾಣಿಸಿತು. ಸುಲಿದಲ್ಲಿ ಮತ್ತೆ ಅಚ್ಚಿಟ್ಟಳು. ಕೂತಿತು. ಮುರುಗನ್ ಕಂಬದ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಲೇಪ ಹೊಡೆದವರು ಶಾಖ ತಡೆಯುತ್ತದೆ ಎಂದಿದ್ದರು ಎಂದು, ಸದ್ದು ಕೇಳಿ ಹೊರಬಂದಿದ್ದ ಗಿರಿಧರನ್ ಗೊಣಗಿದ.

ಅವಳು ಚೀಲದಿಂದ ಅರ ತೆಗೆದು ಎರಡು ರೋಟರುಗಳ ತುದಿಯಲ್ಲೂ ‘ಪು’ ಅಳಿಸಿಹೋಗುವವರೆಗೆ ಉಜ್ಜಿದಳು.

“ನನ್ನೆಸ್ರು ನಾನ್ ತಕಂಡ್ ಓಯ್ತೀನಿ. ಮಿಕ್ಕುದ್ ನೀವ್ ಮಡಿಕಳಿ.”

ಮುರುಗನ್ ಬಾಯಿ ಕಟ್ಟಿಕೊಂಡಿರುವ ಆಸಾಮಿಯಲ್ಲ. ಅವಳು ಕೂನೂರು ಮುಟ್ಟಿ ಎರಡು ದಿನದಲ್ಲಿ ಸುದ್ದಿ ಎಲ್ಲ ಫ್ಯಾಕ್ಟರಿಗಳಿಗೂ ಮುಟ್ಟಿತ್ತು. ಮೂರನೆಯ ದಿನ ಗಿರಿಧರನ್ ಖುದ್ದಾಗಿ ಶೆಡ್ಡಿಗೆ ಬಂದ. ತಪ್ಪಾಯಿತು, ಇನ್ನೊಂದು ಜೋಡಿ ಮಾಡಿಕೊಡು, ನೀನು ಹೇಳಿದಷ್ಟೇ ಸಂದು ಇರಲಿ ಎಂದು ಲೇತಿನ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದ. ಟೀ ಅಂಗಡಿಯವರು ಕಾದರು. ಲೇತ್ ನಿಲ್ಲಲಿಲ್ಲ. ಅವಳು ತಲೆ ಎತ್ತಲೂ ಇಲ್ಲ. ಗಂಟಲು ಕಟ್ಟಿದ ಮೇಲೆ ಅವನು ಹೊರಟುಹೋದ.

ಮರುದಿನ ಹುಬ್ಬತಲೈಯ ಲಾರಿ ಅದೇ ರೋಲರುಗಳನ್ನು ಹೊತ್ತು ಬಂತು, ಜೊತೆಗೆ ಸೆಲ್ವಕುಮಾರನೇ ಬಂದಿದ್ದ. ಗಿರಿಧರನ್ ಕೂಗಿ ಕೂಗಿ ಬರಿಗೈಯಲ್ಲಿ ಹೋದದ್ದು ಅವನಿಗೆ ಗೊತ್ತಿತ್ತು. ಬಾಗಿಲಲ್ಲೇ ನಿಂತು, “ಎನ್ನ ತಪ್ಪು, ಅಕ್ಕಾ,” ಎಂದ. ಅವಳು ಕೆಲಸ ಮಾಡುತ್ತಲೇ ಇದ್ದಳು. ಅವನು ಹೋಗಲಿಲ್ಲ, ಮತ್ತೆ ಮಾತಾಡಲೂ ಇಲ್ಲ.

ಬಹಳ ಹೊತ್ತಾದ ಮೇಲೆ ಸ್ವಿಚ್ ಟಕ್ಕೆಂದಿತು. ಲೇತ್ ನಿಧಾನವಾಗಿ ನಿಂತಿತು.

“ಎತ್ತು ಈಯ್ತು ಅಂದ್ರೆ ಕೊಟ್ಗೇಲಿ ಕಟ್ಟು ಅಂದಂಗಾಯ್ತು ನಿನ್ ಬುದ್ದಿ. ಅವ್ನು ಪರ್ದೇಸಿ, ನನ್ ಕೆಲ್ಸ ಗೊತ್ತಿಲ್ಲ ಅವ್ನ್ಗೆ. ನೀನು ಒಂಬತ್ ವರ್ಸ ನನ್ ರೋಲರ್ ಓಡ್ಸಿದ್ದೀಯ. ಏನಕ್ಕ ಇದು ಅಂತ ಒಂದ್ ಮಾತ್ ಕೇಳುಕ್ ಆಗ್ಲಿಲ್ವಾ ನಿಂಗೆ?”

ಇಷ್ಟು ಬರೀ ಪೀಠಿಕೆ. ಟೀ ಅಂಗಡಿಯವರು ಗ್ಲಾಸುಗಳನ್ನು ಕೆಳಗಿಟ್ಟರು. ಸೆಲ್ವಕುಮಾರ್ ತಲೆ ತಗ್ಗಿಸಿ ಒಂದೊಂದು ಬೈಗುಳವನ್ನೂ ಕೇಳಿಸಿಕೊಂಡ, ನಡುವೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಅವಳು ಮಾತು ಮುಗಿಸಿ ಲಾರಿಯ ಕಡೆ ಕೈ ತೋರಿಸಿದಾಗ, ಅಂಗಿಯ ತೋಳು ಮಡಚಿಕೊಂಡು ರೋಲರ್ ಇಳಿಸಲು ಅವನೇ ಹೋದ.