ಎರಡು ಗಾಡಿ, ಏಳು ಕಲ್ಲು

ಎಳ್ಳಮಾವಾಸ್ಯೆ ಮುಗಿದ ಮೂರನೆಯ ದಿನ, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ ಸಿಂದಗಿಯ ನಮ್ಮ ಮನೆಯ ಮುಂದೆ ಎರಡು ಕಾರು ಬಂದು ನಿಂತವು. ನನ್ನ ನೋಟುಬುಕ್ಕಿನಲ್ಲಿ ಹಾಗೆಂದು ಬರೆದಿದೆ. ಅದರ ಕೆಳಗೆ: ‘ಎರಡೂ ಬೂದಿ ಬಣ್ಣ. ಒಂದೇ ಕಂಪನಿ, ಒಂದೇ ಮೈ. ಇಂಜಿನ್ ಬೇರೆ.’

ಡಿಗ್ರಿ ಮುಗಿಸಿ ಹಾಸ್ಟೆಲಿನಿಂದ ಮನೆಗೆ ಬಂದು ಆಗ ಒಂಬತ್ತು ತಿಂಗಳಾಗಿತ್ತು. ಮಾಡಲು ಕೆಲಸವಿರಲಿಲ್ಲ, ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ದಿನಕ್ಕೆ ಎಷ್ಟು ಸಲ ಮಾಳಿಗೆ ಹತ್ತಿ ಇಳಿದೆ ಎಂಬುದನ್ನೂ ಬರೆಯತೊಡಗಿದ್ದೆ. ಹಿಂದಿನ ದಿನ ಹದಿನೇಳು ಸಲ.

ಗಾಡಿಗಳು ಸೋಲಾಪುರದ ಒಬ್ಬ ಗಿರಣಿ ಮಾಲೀಕರವು. ಅಪ್ಪ ಅವರಿಗೆ ಹತ್ತಿ ಕಳಿಸುತ್ತಿದ್ದರು. ವಿದೇಶದಿಂದ ತರಿಸಿದ್ದ ಆ ಎರಡರಲ್ಲಿ ಒಂದನ್ನು ಮಾರಬೇಕೆಂದಿದ್ದ ಅವರು, ಒಂದು ವಾರ ಓಡಿಸಿ ನೋಡಿ, ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ತಿರುಗಿ ಕಳಿಸಿ ಎಂದು ಹೇಳಿ ಕಳಿಸಿದ್ದರು. ಹೊರಗಿನಿಂದ ವ್ಯತ್ಯಾಸ ಇದ್ದದ್ದು ಡಿಕ್ಕಿಯ ಮೇಲಿನ ಒಂದು ಹೊಳೆಯುವ ಅಕ್ಷರದಲ್ಲಿ ಮಾತ್ರ. ಅಕ್ಷರ ಇದ್ದದ್ದರ ಇಂಜಿನ್ ದೊಡ್ಡದು. ಮಧ್ಯಾಹ್ನದೊಳಗೆ ಮನೆಯಲ್ಲಿ ಅವಕ್ಕೆ ಹೆಸರೂ ಬಿದ್ದವು: ಸಾದಾದ್ದು, ಜೋರಿಂದು.

ಕಾಕಾ ಎರಡನ್ನೂ ಸುತ್ತಿ ಬಂದರು. ಮೈಮೇಲಿನ ಕೂದಲ ಸುಳಿ ನೋಡದೆ ಎತ್ತಿನ ಹಗ್ಗ ಮುಟ್ಟುವವರಲ್ಲ ಅವರು.

“ಇದಕ್ಕ ಸುಳಿ ಎಲ್ಲಿ ನೋಡ್ತಿಯಪಾ?” ಎಂದು ನನ್ನಜ್ಜಿ, ಆಯಿ, ಕಟ್ಟೆಯ ಮೇಲಿಂದ ಕೇಳಿದಳು.

“ಬಾನೆಟ್ ತಗದ ಮ್ಯಾಲ ಕಾಣಸ್ತೈತಿ, ತಡಿ ಬೇ ಯವ್ವಾ,” ಎಂದ ಕಾಕಾ ಜೋರಿಂದರ ಬಾನೆಟ್ಟನ್ನೇ ಮೊದಲು ಎತ್ತಿದರು. ಅವರ ಮನಸ್ಸು ಎತ್ತ ಇದೆ ಎಂದು ಎಲ್ಲರಿಗೂ ತಿಳಿಯಿತು.

ಅಪ್ಪ ನನ್ನನ್ನು ಕರೆದರು. “ಬರಿಯಾಕ ನೀ ಅದಿಯಲ್ಲ, ಬರಿ. ಯಾವುದು ಎಷ್ಟು ಲಗೂ ಮುಟ್ಟತೈತಿ, ಎಷ್ಟು ಎಣ್ಣಿ ಕುಡೀತೈತಿ, ಎಲ್ಲಾ. ಬರೂ ಸೋಮವಾರ ನನ್ನ ಮುಂದ ಇಡು.”

“ಮತ್ತ ನಾ ಗಾಡಿ ಕಲಿಯೂದು?” ರಿಸಲ್ಟ್ ಬಂದ ದಿನ ಅವರೇ ಕೊಟ್ಟ ಮಾತದು.

“ಸಾದಾದ್ದು ಉಳೀತಂದ್ರ ಕಲಿ. ಜೋರಿಂದು ಉಳೀತಂದ್ರ ಕೇಳಬ್ಯಾಡ. ಅದು ನಿನ್ನ ಕೈಯಾಗ ನಿಲ್ಲೂದಿಲ್ಲ.”

ಹೀಗೆ ಲೆಕ್ಕ ಬರೆಯುವವಳ ಸ್ವಾರ್ಥವೂ ಆ ಲೆಕ್ಕದೊಳಗೆ ಸೇರಿತು. ಆದ್ದರಿಂದಲೇ ನಿಯಮ ಬಿಗಿಯಾಗಿ ಹಾಕಿಕೊಂಡೆ. ಮೂರು ರಸ್ತೆ, ಒಂದೊಂದಕ್ಕೆ ಎರಡು ದಿನ; ಮೊದಲ ದಿನ ಸಾದಾದ್ದು, ಮರುದಿನ ಅದೇ ಹೊತ್ತಿಗೆ ಜೋರಿಂದು. ಓಡಿಸುವವರು ನಮ್ಮ ಜೀಪಿನ ಹಳೆಯ ಡ್ರೈವರು. ಮುಂದೆ ಕಾಕಾ, ಹಿಂದೆ ಅವರ ಹೆಂಡತಿ ಚಿಗವ್ವ ಮತ್ತು ನಾನು. ಅಪ್ಪನ ಕೈಗಡಿಯಾರ ನನ್ನ ಎಡಗೈಯಲ್ಲಿ, ಪೆನ್ಸಿಲ್ ಬಲಗೈಯಲ್ಲಿ. ಪ್ರತಿ ಕಿಲೋಮೀಟರ್ ಕಲ್ಲಿಗೆ ಹಿಡಿದ ಹೊತ್ತು ಬರೆಯಲು ಪುಟದಲ್ಲಿ ಗೆರೆ ಎಳೆದು ಒಂದೊಂದು ಚೌಕದ ಮನೆ ಮಾಡಿದ್ದೆ.

ಮಂಗಳವಾರ ಸಾದಾದ್ದರಲ್ಲಿ ಇಂಡಿಗೆ ಒಂದು ತಾಸು ಹನ್ನೆರಡು ನಿಮಿಷ. ಬುಧವಾರ ಜೋರಿಂದರಲ್ಲಿ ಒಂದು ತಾಸು ಎಂಟು. ಹತ್ತಿಯ ಬಂಡಿಗಳು ನಲವತ್ತೊಂದು. ಅಂದೇ ಸಾಲೋಟಗಿಯ ಹತ್ತಿರ ಕುರಿ ಹಿಂಡು ರಸ್ತೆ ತುಂಬ ನಿಂತಿತು. ಡ್ರೈವರು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಕುರಿಯವನು ಕೋಲಿಗೆ ಗದ್ದ ಊರಿ ಹೇಳಿದ, “ಅವಕ್ಕ ಕೇಳಸ್ತೈತ್ರಿ, ತಿಳಿಯಂಗಿಲ್ರಿ.” ಆರು ನಿಮಿಷ ಅಲ್ಲಿಯೇ ಹೋಯಿತು. ಗುರುವಾರ, ಶುಕ್ರವಾರ ಬಸವನ ಬಾಗೇವಾಡಿ. ಅಚ್ಚು ಮುರಿದ ಬಂಡಿಯೊಂದು ನಡುರಸ್ತೆಯಲ್ಲಿ ಕುಳಿತಿದ್ದರಿಂದ ಶುಕ್ರವಾರ ಜೋರಿಂದು ಮೂರು ನಿಮಿಷ ತಡವಾಗಿಯೇ ಮುಟ್ಟಿತು.

“ದೊಡ್ಡ ಇಂಜಿನ್ ಅಂತ, ದೊಡ್ಡ ಇಂಜಿನ್,” ಎಂದು ಚಿಗವ್ವ ಕಾಕಾನ ಕಿವಿಗೆ ಬೀಳುವಂತೆ ನನಗೆ ಹೇಳಿದಳು. “ನಮ್ಮಪ್ಪನ ಎತ್ತು ಇದಕ್ಕಿಂತ ಮೊದಲ ಮುಟ್ಟತಿದ್ದು.”

ಜೋರಿಂದು ಕಳೆದುಕೊಂಡ ಒಂದೊಂದು ನಿಮಿಷಕ್ಕೂ ನನಗೆ ಒಳಗೊಳಗೇ ಹಿಗ್ಗು. ಅದನ್ನು ಮಾತ್ರ ಬರೆಯಲಿಲ್ಲ.

ಶನಿವಾರ ಮುದ್ದೇಬಿಹಾಳಕ್ಕೆ ಸಾದಾದ್ದು ಹೋಗಿ ಬಂತು. ವಿಶೇಷವೇನೂ ಇಲ್ಲ.

ಭಾನುವಾರ ಜೋರಿಂದು. ಬಾಗೇವಾಡಿ ದಾಟಿದ ಮೇಲೆ ಒಂದು ಕಡೆ ರಸ್ತೆ ನೆಟ್ಟಗಾಗಿ, ಎರಡೂ ಬದಿಗೆ ಬಿಳಿಜೋಳ, ಮುಂದೆ ಒಂದೂ ಬಂಡಿಯಿಲ್ಲ. ಕಾಕಾ ಡ್ರೈವರಿನ ಕಡೆ ನೋಡಿದರು. ಡ್ರೈವರು ಕನ್ನಡಿಯಲ್ಲಿ ನನ್ನ ಕಡೆ ನೋಡಿ, “ಗಟ್ಟಿ ಹಿಡ್ಕೊರಿ ಅಕ್ಕಾರ,” ಎಂದರು.

ಬೆನ್ನು ಸೀಟಿಗೆ ಅಂಟಿತು. ಇಂಜಿನ್ನಿನ ಗದ್ದಲ ಒಂದೇ ಸ್ವರಕ್ಕೆ ಬಂತು. ಚಿಗವ್ವ ನನ್ನ ತೋಳು ಹಿಡಿದು, “ಸಾವಕಾಶ ಅಂತ ಹೇಳ ನಿಮ್ಮ ಕಾಕಾಗ,” ಎಂದಳು. ನಾನು ಬಾಯಿ ತೆರೆದೆ. ಬಂದ ಮಾತು, “ಇನ್ನೂ ಜೋರ್ ಹೊಡೀರಿ.”

ಒಂಬತ್ತು ತಿಂಗಳಿಂದ ನನ್ನೊಳಗೆ ಹೊಯ್ದಾಡುತ್ತಿದ್ದದ್ದು ಅಷ್ಟು ಹೊತ್ತು ಸುಮ್ಮನಿತ್ತು. ಎದುರಿಗೆ ಎಮ್ಮೆಗಳು ಕಂಡು ಡ್ರೈವರು ವೇಗ ಇಳಿಸಿದಾಗ ಮಡಿಲು ನೋಡಿಕೊಂಡೆ. ಪೆನ್ಸಿಲ್ ಕಾಲ ಬಳಿ ಬಿದ್ದಿತ್ತು. ಏಳು ಕಲ್ಲು ದಾಟಿದ್ದವು, ಏಳು ಮನೆ ಖಾಲಿ.

ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ಕಾಕಾ ನೋಟುಬುಕ್ಕಿಗೆ ಬಾಗಿ ಹೇಳಿದರು, “ಒಂದೊಂದಕ್ಕ ಮೂವತ್ತು ಸೆಕೆಂಡ್ ಅಂತ ಬರಿ. ನಾ ಸಾಕ್ಷಿ.”

“ನೀವು ಗಡಿಯಾರ ನೋಡಿಲ್ಲಲ್ಲ ಕಾಕಾ.”

“ಗಡಿಯಾರ ನಿನ್ನ ಕೈಯಾಗ ಇತ್ತು. ನೀನರ ನೋಡಿಯೇನು?”

ಮೂವತ್ತು ಬರೆದರೆ ಕಾಕಾ ಗೆಲ್ಲುತ್ತಿದ್ದರು. ಐವತ್ತು ಬರೆದರೆ ಸ್ಟೇರಿಂಗ್ ನನ್ನ ಕೈಗೆ ಬರುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ತಿರುಗಿ ಬರುವಾಗ ದಾರಿಯುದ್ದಕ್ಕೂ ಪೆನ್ಸಿಲ್ ಹಿಡಿದೇ ಕುಳಿತಿದ್ದೆ. ಸಾದಾದ್ದು ಉಳಿಯಲಿ ಎಂದು ಐದು ದಿನ ಬಯಸಿದವಳಿಗೆ ಈಗ ಅದೂ ಬೇಕಾಗಿರಲಿಲ್ಲ. ಬೇಕಾದ್ದು ಜೋರಿಂದು, ಅದೂ ನನ್ನ ಕಾಲ ಕೆಳಗೆ. ಅದೊಂದು ಮಾತ್ರ ಸಿಗುವಂತಿರಲಿಲ್ಲ. ಸಿಂದಗಿ ಬಂದಾಗಲೂ ಪುಟದ ಆ ಏಳು ಮನೆ ಖಾಲಿಯಾಗಿಯೇ ಇದ್ದವು.

ಸೋಮವಾರ ಚಹಾ ಮುಗಿಸಿ ಅಪ್ಪ ಚಾಳೀಸು ಹಾಕಿಕೊಂಡು, ಕಾಕಾನ ಎದುರಿಗೇ, ಬೆರಳಿಟ್ಟು ಓದಿದರು. ಕೊನೆಯ ಪುಟದಲ್ಲಿ ಬೆರಳು ನಿಂತಿತು.

“ಇಲ್ಲಿ ಯಾಕ ಖಾಲಿ?”

“ಬರಿಯಾಕ ಮರ್ತೆ.”

“ನೀ?”

“ಹೂಂ.”

“ಏಳೂ?”

“ಏಳೂ.”

ಅಪ್ಪ ಚಾಳೀಸಿನ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚಿದರು. “ಈ ಹುಡುಗಿ ಬರಿಯೂದು ಮರೀತಾಳಂದ್ರ, ನೀ ಬ್ರೇಕ್ ಒತ್ತೂದು ಮರೀತಿ,” ಎಂದರು ಕಾಕಾನಿಗೆ. “ಸಾದಾದ್ದ ಇರಲಿ.”

“ಇದೆಂಥಾ ನ್ಯಾಯ ಅಣ್ಣಾ? ಐದು ದಿನ ಬರದದ್ದು ಬಿಟ್ಟು, ಬರೀಲಾರದ್ದಕ್ಕ ತೀರ್ಪು ಕೊಟ್ರಿ,” ಎಂದು ಕಾಕಾ ಎದ್ದುಹೋದರು. ಮೂರು ದಿನ ನನ್ನ ಜೊತೆ ಮಾತು ಬಿಟ್ಟರು.

ನಾನು ಕೇಳಿದ್ದು ನನಗೆ ಸಿಕ್ಕಿತ್ತು. ಹನ್ನೊಂದಕ್ಕೆ ಸೋಲಾಪುರದವರು ಜೋರಿಂದನ್ನು ಒಯ್ದರು. ಅದರ ಧೂಳು ಕೂರುವ ತನಕ ಮಾಳಿಗೆಯ ಮೇಲೆ ನಿಂತಿದ್ದೆ. ಆ ದಿನ ಮಾಳಿಗೆ ಹತ್ತಿದ್ದು ಇಪ್ಪತ್ತೆರಡು ಸಲ.

ಅಪ್ಪ ಮಾತಿಗೆ ತಪ್ಪಲಿಲ್ಲ. ನಲವತ್ಮೂರು ದಿನದಲ್ಲಿ ಕಲಿತೆ. ಮೊದಲ ವಾರ ಆಯಿ ಓಣಿಗೆಲ್ಲ ಕೂಗಿ ಹೇಳುತ್ತಿದ್ದಳು, “ನಮ್ಮ ಹುಡುಗಿ ಗಾಡಿ ತಗದಾಳ, ನಿಮ್ಮ ನಿಮ್ಮ ಕೋಳಿ ಒಳಗ ಹಾಕೊರಿ.”

ಲೈಸೆನ್ಸ್ ಬಂದ ಮರುವಾರ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುದ್ದೇಬಿಹಾಳದ ರಸ್ತೆ ಹಿಡಿದೆ. ಆ ನೆಟ್ಟನೆಯ ಜಾಗ ಬಂದಾಗ ಗಡಿಯಾರ, ನೋಟುಬುಕ್ಕು ಎರಡನ್ನೂ ಅವರ ಕೈಗೆ ಕೊಟ್ಟೆ. ಜೋಳ ಕೊಯ್ದಾಗಿತ್ತು, ಎರಡೂ ಬದಿಗೆ ಬರೀ ಕೂಳೆ. ನಾಲ್ಕನೆಯ ಕಲ್ಲಿನ ಹತ್ತಿರ ಡ್ರೈವರು ನನ್ನ ಪಾದ ನೋಡಿದರು.

“ಕಾಲು ತಳಾ ಮುಟ್ಟೈತ್ರಿ ಅಕ್ಕಾರ. ಇನ್ನೆಲ್ಲಿ ಒತ್ತತೀರಿ?”

ಏಳು ಕಲ್ಲಿಗೆ ಐದು ನಿಮಿಷ ನಲವತ್ತು ಸೆಕೆಂಡ್. ಅವರು ಬರೆದದ್ದರ ಪಕ್ಕದಲ್ಲಿ ಆ ಭಾನುವಾರದ ಏಳು ಮನೆ ಹಾಗೆಯೇ ಇವೆ. ಜೋರಿಂದಕ್ಕಿಂತ ಎಷ್ಟು ಹಿಂದೆ ಬಿದ್ದೆ ಎಂದು ಕಳೆದು ನೋಡಲು ಅಲ್ಲಿ ಅಂಕಿಯಿಲ್ಲ. ಆದರೂ ಮುಂದಿನ ಕಲ್ಲಿನ ಬಳಿ ಗಾಡಿ ತಿರುಗಿಸಿ, ಅದೇ ಏಳು ಕಲ್ಲನ್ನು ಇನ್ನೊಮ್ಮೆ ಓಡಿಸಿದೆ.