ಪಾಳೇಗಾರ ಸೋತ ಕಲ್ಲು

ದೊಡ್ಡಬಳ್ಳಾಪುರದ ಕಡೆ, ಅರ್ಕಾವತಿ ದಂಡೆಯ ನಮ್ಮ ಹಳೇ ಪೇಟೆಗೆ ಹೊಸ ಕಳೆ ತರ್ತೀವಿ ಅಂತ ಕೆಲಸ ಶುರುವಾಯ್ತು. ಹೊಳೇಲಿ ನೀರಿಲ್ಲ, ಅದು ಬೇರೆ ಮಾತು. ಕಲ್ಲು ಹೊರೋಕೆ ನಾನೂ ಸೇರಿಕೊಂಡೆ. ಈ ವಯಸ್ಸಲ್ಲಿ ನಾನು ಎತ್ತೋ ಚಪ್ಪಡಿ ನೋಡಿ ಕ್ರೇನಿನವನು ನಾಚಿಕೊಂಡು ಮುಖ ತಿರುಗಿಸ್ತಿದ್ದ.

ಒಂದಿನ ಇಂಜಿನಿಯರಮ್ಮ ಹೊಳೆಗಿಳಿಯೋ ಮೆಟ್ಟಿಲ ಪಕ್ಕದ ಹಾಸುಗಲ್ಲು ತೋರಿಸಿ, "ತಾತ, ಇದನ್ನ ಕಿತ್ತಾಕ್ಬಿಡಿ, ಟೈಲ್ಸ್ ಬರುತ್ತೆ" ಅಂದ್ರು. ಆ ಕಲ್ಲಲ್ಲಿ ಹುಲಿ-ಕುರಿ ಆಟದ ಗೆರೆ ಕೊರೆದಿದೆ. ನಾನೂ ಗೆಳೆಯ ಮುನಿಯಪ್ಪನೂ ದಿನಾ ಸಂಜೆ ಅದರ ಮೇಲೇ ಕೂತು ಆಡೋದು.

"ಕೀಳ್ತೀನಿ ತಾಯಿ. ಆದ್ರೆ ಪಾಳೇಗಾರ ಇದೇ ಕಲ್ಲ ಮೇಲೆ ನಮ್ಮ ಮುತ್ತಾತನ ಹತ್ರ ಆಟ ಸೋತು, ಪೇಟ ಬಿಚ್ಚಿಕೊಟ್ಟು ಬರಿತಲೇಲಿ ಕೋಟೆಗೆ ಹೋಗಿದ್ದು."

"ನಿಜಾನಾ ತಾತ?"

"ಪೇಟ ನಮ್ಮನೇಲೇ ಇತ್ತು. ಇಲಿ ತಿಂದ್ಬಿಡ್ತು."

ಆಯಮ್ಮ ಕಲ್ಲು ಉಳಿಸಿದ್ರು. ಮಾರನೇ ವಾರ ಅದರ ಸುತ್ತ ಕಬ್ಬಿಣದ ಬೇಲಿ ಹಾಕಿಸಿ, ಯಾರೂ ಕೂರಬಾರದು ಅಂತ ಬೋರ್ಡನ್ನೂ ನಿಲ್ಲಿಸಿದ್ರು.

"ಕಲ್ಲು ಉಳಿಸ್ದೆ, ಆಟ ಕಳೆದ್ಯಲ್ಲೋ" ಅಂತ ಮುನಿಯಪ್ಪ ಬೇಲಿ ಹಿಡ್ಕೊಂಡು ನಗ್ತಾನೆ. ನಗಲಿ. ಬೇಲಿ ಹಾಕೋ ಹಿಂದಿನ ಸಂಜೆ ಅರ್ಧಕ್ಕೆ ಬಿಟ್ಟಿದ್ದ ಆಟ ಗೆಲ್ತಿದ್ದವನು ನಾನೇ. ಅನುಮಾನ ಇದ್ರೆ ಆ ಪಾಳೇಗಾರನ್ನೇ ಕೇಳಿ.